ಬಹುಪದರ ಜಾಲಗಳ ಲೆಕ್ಕ: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಯಾವ ಊರೂ ಒಂದೇ ಜಾಲಕ್ಕೆ ಸೇರಿದ್ದಲ್ಲ. ಆನೇಕಲ್ ತಾಲ್ಲೂಕಿನ ಚಂದಾಪುರವನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ನಡುಭಾಗದಿಂದ ಸುಮಾರು 25 ಕಿಲೋಮೀಟರು ದೂರದಲ್ಲಿ, ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಬೊಮ್ಮಸಂದ್ರಗಳನ್ನು ದಾಟಿದ ಮೇಲೆ ಹೊಸೂರು ಹೆದ್ದಾರಿಯಲ್ಲಿ ಸಿಕ್ಕುವ ಊರು ಅದು. ಭೂಪಟದಲ್ಲಿ ನೋಡಿದರೆ ಅದೊಂದು ಕೂಡುರಸ್ತೆ. ಆನೇಕಲ್ಲಿನ ರಸ್ತೆಯೂ ದೊಮ್ಮಸಂದ್ರದ ರಸ್ತೆಯೂ ಹೆದ್ದಾರಿಯನ್ನು ಬಂದು ಸೇರುವ ಸ್ಥಳ. ಆದರೆ ಅದೇ ನೆಲದ ಮೇಲೆ ಹಲವು ಜಾಲಗಳು ಒಂದರ ಮೇಲೊಂದು ಹಾಸಿಕೊಂಡಿವೆ. ರಸ್ತೆಗಳದು ಒಂದು ಜಾಲ. ಅವುಗಳ ಮೇಲೆ ಓಡುವ ಬಸ್ಸುಗಳ ಮಾರ್ಗಗಳದು ಎರಡನೆಯದು. ಸಮೀಪದ ಹೀಲಲಿಗೆ ನಿಲ್ದಾಣದ ಮೂಲಕ ಬೆಂಗಳೂರಿನಿಂದ ಹೊಸೂರಿನ ಕಡೆಗೆ ಹೋಗುವ ರೈಲುಹಾದಿ ಮೂರನೆಯದು. 2025ರ ಆಗಸ್ಟ್ 10ರಂದು ಉದ್ಘಾಟನೆಯಾಗಿ, ಚಂದಾಪುರಕ್ಕೆ ಕೆಲವೇ ಕಿಲೋಮೀಟರು ಈಚೆಗೆ ಬೊಮ್ಮಸಂದ್ರದಲ್ಲಿ ಬಂದು ನಿಂತಿರುವ ಮೆಟ್ರೋದ ಹಳದಿ ಮಾರ್ಗ ನಾಲ್ಕನೆಯದು. ಇವೆಲ್ಲಕ್ಕಿಂತಲೂ ಹಳೆಯದಾದ ಐದನೆಯ ಜಾಲವೊಂದುಂಟು: ಕೆರೆ, ಕೋಡಿ, ಕಾಲುವೆಗಳ ಜಾಲ.

ಇಂತಹ ಜಾಲಗಳ ಸಮೂಹವನ್ನು ವಿಜ್ಞಾನಿಗಳು ಬಹುಪದರ ಜಾಲವೆಂದು ಕರೆಯುತ್ತಾರೆ. ಇದರ ಮೇಲೆ ಲೆಕ್ಕ ನಡೆಸಿ, ಮುಂದೆ ಏನಾಗಬಹುದೆಂದು ಊಹಿಸುವುದಕ್ಕೆ ಈಚೆಗೆ ದೊರೆತಿರುವ ಬಲವಾದ ಸಾಧನವೇ ಗ್ರಾಫ್ ನ್ಯೂರಲ್ ನೆಟ್‌ವರ್ಕ್. ಅನುಕೂಲಕ್ಕಾಗಿ ನಾವು ಇದನ್ನು ನರಜಾಲವೆಂದು ಕರೆಯೋಣ. ದೊಡ್ಡ ಜಾಲಗಳ ಮೇಲೆ ನರಜಾಲದ ಲೆಕ್ಕವನ್ನು ಕಡಿಮೆ ವೆಚ್ಚದಲ್ಲಿ ನಡೆಸುವ ಉಪಾಯಗಳು ಕಳೆದ ಸುಮಾರು ಹತ್ತು ವರ್ಷಗಳಲ್ಲಿ ಹೇರಳವಾಗಿ ಬಂದಿವೆ. ಅವು ಅವಶ್ಯವಾದುವೇ ಸರಿ. ಆದರೆ ಒಂದೇ ಪದರದ ಜಾಲಕ್ಕೆ ಒಗ್ಗುವ ಉಳಿತಾಯವನ್ನು ಬಹುಪದರ ಜಾಲದ ಮೇಲೆ ಹಾಗೆಯೇ ಹೇರಿದರೆ, ನಾವು ಕಳೆದುಕೊಳ್ಳುವುದು ಅತ್ಯಂತ ಬೆಲೆಯುಳ್ಳ ಎಳೆಗಳನ್ನೇ. ಈ ಅಭಿಪ್ರಾಯವನ್ನು ಕಾರಣಸಹಿತವಾಗಿ ಮುಂದಿಡುವುದೇ ಇಲ್ಲಿನ ಉದ್ದೇಶ.

ನೀರಗಂಟಿಗಳ ಸುದ್ದಿ

ಗಣಿತಜ್ಞನ ದೃಷ್ಟಿಯಲ್ಲಿ ಜಾಲವೆಂದರೆ ಎರಡೇ ವಸ್ತುಗಳು: ಗಂಟುಗಳು, ಮತ್ತು ಅವನ್ನು ಜೋಡಿಸುವ ಎಳೆಗಳು. ಲಿಯೊನಾರ್ಡ್ ಆಯ್ಲರನು 1736ರಲ್ಲಿ ಕ್ಯೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ಒಗಟನ್ನು ಬಿಡಿಸಿದಾಗ, ಊರಿನ ಉದ್ದಗಲಗಳನ್ನೆಲ್ಲ ಬದಿಗಿಟ್ಟು, ಯಾವ ಭೂಭಾಗವನ್ನು ಯಾವುದಕ್ಕೆ ಯಾವ ಸೇತುವೆ ಸೇರಿಸುತ್ತದೆ ಎಂಬುದನ್ನು ಮಾತ್ರ ಉಳಿಸಿಕೊಂಡನು. ಜಾಲಗಳ ಗಣಿತ ಅಲ್ಲಿಂದ ಆರಂಭವಾಯಿತೆಂದು ಹೇಳುವುದು ವಾಡಿಕೆ.

ನರಜಾಲದ ಕ್ರಮವನ್ನು ಅರಿಯುವುದಕ್ಕೆ ನಮ್ಮ ಕೆರೆಗಳ ಸರಣಿಗಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹರಿಯುತ್ತದೆ. ತೂಬನ್ನು ಎತ್ತಿ ಇಳಿಸುವ ಕೆಲಸ ನೀರಗಂಟಿಯದು. ಪ್ರತಿಯೊಬ್ಬ ನೀರಗಂಟಿಯೂ ತನ್ನ ಕೆರೆಯ ಮಟ್ಟವನ್ನು ಬಲ್ಲನಲ್ಲದೆ, ದಿನಕ್ಕೊಂದು ಸಲ ಪಕ್ಕದ ಕೆರೆಗಳ ನೀರಗಂಟಿಗಳಿಂದ ಸುದ್ದಿಯನ್ನು ಪಡೆಯುತ್ತಾನೆಂದು ಭಾವಿಸೋಣ. ಮೊದಲನೆಯ ದಿನ ಅವನಿಗೆ ತಿಳಿಯುವುದು ಪಕ್ಕದವರ ಸ್ಥಿತಿ. ಎರಡನೆಯ ದಿನ ಪಕ್ಕದವನು ಹೇಳುವ ಸುದ್ದಿಯಲ್ಲಿ ಅವನ ಆಚೆಯವನ ಸುದ್ದಿಯೂ ಬೆರೆತಿರುತ್ತದೆ. ಹೀಗೆ ಮೂರು ನಾಲ್ಕು ದಿನಗಳಲ್ಲಿ, ಯಾರೂ ತನ್ನ ಏರಿಯನ್ನು ಬಿಟ್ಟು ಕದಲದಿದ್ದರೂ, ಸರಣಿಯ ಸಾಕಷ್ಟು ಉದ್ದದ ಸ್ಥಿತಿ ಪ್ರತಿಯೊಬ್ಬನಿಗೂ ತಿಳಿಯುತ್ತದೆ.

ನರಜಾಲದಲ್ಲಿ ನಡೆಯುವುದೂ ಇದೇ. ಪ್ರತಿಯೊಂದು ಗಂಟಿಗೂ ಅದರ ಸ್ಥಿತಿಯನ್ನು ಸೂಚಿಸುವ ಸಂಖ್ಯೆಗಳ ಒಂದು ಸಾಲು ಇರುತ್ತದೆ; ಅದು ನೂರು ಸಂಖ್ಯೆಗಳ ಸಾಲೆಂದು ಇಟ್ಟುಕೊಳ್ಳೋಣ. ಒಂದೊಂದು ಸುತ್ತಿನಲ್ಲಿಯೂ ಗಂಟು ತನ್ನ ನೆರೆಗಂಟುಗಳ ಸಾಲುಗಳನ್ನು ತರಿಸಿ, ಸರಾಸರಿ ಮಾಡಿ, ಗುಣಕಗಳ ಒಂದು ಕೋಷ್ಟಕದಿಂದ ಗುಣಿಸಿ, ತನ್ನ ಹೊಸ ಸಾಲನ್ನು ಪಡೆಯುತ್ತದೆ. ಕೊನೆಗೆ ಬಂದ ಉತ್ತರ ವಾಸ್ತವಕ್ಕಿಂತ ಎಷ್ಟು ಬೇರೆಯಾಯಿತೆಂದು ನೋಡಿ ಗುಣಕಗಳನ್ನು ಸ್ವಲ್ಪ ಸ್ವಲ್ಪವಾಗಿ ತಿದ್ದುತ್ತಾರೆ. ಸಾವಿರಾರು ಸಲ ಹೀಗೆ ತಿದ್ದುವುದಕ್ಕೇ ಕಲಿಕೆಯೆಂದು ಹೆಸರು. ಆಮ್ಸ್‌ಟರ್ಡಾಮ್ ವಿಶ್ವವಿದ್ಯಾನಿಲಯದ ಥಾಮಸ್ ಕಿಪ್ಫ್ ಮತ್ತು ಮ್ಯಾಕ್ಸ್ ವೆಲ್ಲಿಂಗ್ ಎಂಬವರು 2016ರಲ್ಲಿ ಇದಕ್ಕೆ ಬಹು ಸರಳವಾದ ಒಂದು ರೂಪವನ್ನು ಕೊಟ್ಟ ಮೇಲೆ ಈ ಶಾಸ್ತ್ರ ವೇಗವಾಗಿ ಬೆಳೆಯಿತು. ವಾಹನವು ಗುರಿ ಮುಟ್ಟುವ ಹೊತ್ತನ್ನು ಅಂದಾಜು ಮಾಡಲು ಗೂಗಲ್ ಮ್ಯಾಪ್ಸಿನಲ್ಲಿ ಇದೇ ಬಗೆಯ ಲೆಕ್ಕವನ್ನು ಬಳಸಿದ ವಿವರಗಳು 2021ರಲ್ಲಿ ಪ್ರಕಟವಾದುವು.

ವೆಚ್ಚ ಬೆಳೆಯುವ ಬಗೆ

ಈ ಲೆಕ್ಕ ದುಬಾರಿಯಾಗುವುದು ಏತಕ್ಕೆ? ಒಂದು ಮಹಾನಗರದ ಎಲ್ಲ ಪದರಗಳ ಗಂಟುಗಳೂ ಸೇರಿ ಹತ್ತು ಲಕ್ಷವೆಂದು ಉದಾಹರಣೆಗಾಗಿ ಹಿಡಿಯೋಣ. ಯಾವ ಗಂಟಿಗೂ ಯಾವ ಗಂಟಿಗೂ ಸಂಬಂಧವುಂಟು ಅಥವಾ ಇಲ್ಲವೆಂದು ಚೌಕದ ಕೋಷ್ಟಕವೊಂದರಲ್ಲಿ ಬರೆದಿಟ್ಟರೆ, ಅದರಲ್ಲಿನ ಮನೆಗಳ ಸಂಖ್ಯೆ ಒಂದು ಲಕ್ಷ ಕೋಟಿಯಾಗುತ್ತದೆ. ಆದರೆ ಗಂಟೊಂದಕ್ಕೆ ಸರಾಸರಿ ನಾಲ್ಕು ಎಳೆಗಳಿದ್ದರೆ ಭರ್ತಿಯಾಗುವ ಮನೆಗಳು ನಲವತ್ತು ಲಕ್ಷ ಮಾತ್ರ, ಎಂದರೆ ಎರಡೂವರೆ ಲಕ್ಷ ಮನೆಗಳಲ್ಲಿ ಒಂದು. ಉಳಿದುವೆಲ್ಲ ಸೊನ್ನೆ. ಆದಕಾರಣ ಇರುವ ಎಳೆಗಳನ್ನು ಮಾತ್ರ ಪಟ್ಟಿ ಮಾಡಿಟ್ಟುಕೊಂಡರೆ ಸಾಕು. ಇದು ಮೊದಲನೆಯ ಮಿತವ್ಯಯ; ಇದರಿಂದ ಯಾರಿಗೂ ನಷ್ಟವಿಲ್ಲ.

ಎರಡನೆಯ ತೊಡಕು ನೆನಪಿನದು. ಗುಣಕಗಳನ್ನು ತಿದ್ದಬೇಕಾದರೆ ಪ್ರತಿ ಸುತ್ತಿನಲ್ಲಿಯೂ ಪ್ರತಿ ಗಂಟಿನ ಸಾಲು ಏನಾಗಿತ್ತೆಂಬುದನ್ನು ಯಂತ್ರವು ಇಟ್ಟುಕೊಂಡಿರಬೇಕು. ಹತ್ತು ಲಕ್ಷ ಗಂಟುಗಳಿಗೆ, ಸಂಖ್ಯೆಯೊಂದಕ್ಕೆ ನಾಲ್ಕು ಬೈಟುಗಳಂತೆ, ಒಂದು ಸುತ್ತಿಗೆ 40 ಕೋಟಿ ಬೈಟುಗಳು ಬೇಕು. ಇದನ್ನು ಸಾಧಾರಣ ಗಣಕಯಂತ್ರವೂ ತಾಳಿಕೊಳ್ಳಬಲ್ಲುದು. ಆದರೆ 2020ರಲ್ಲಿ ಸಂಶೋಧಕರ ಬಳಕೆಗೆಂದು ಪ್ರಕಟಿಸಲ್ಪಟ್ಟ, ವಿಜ್ಞಾನ ಪ್ರಬಂಧಗಳ ಪರಸ್ಪರ ಉಲ್ಲೇಖಗಳ ಒಂದು ಜಾಲದಲ್ಲಿ ಸುಮಾರು 11.1 ಕೋಟಿ ಗಂಟುಗಳಿವೆ. ಅದಕ್ಕೆ ಇದೇ ಲೆಕ್ಕದಲ್ಲಿ ಸುತ್ತೊಂದಕ್ಕೆ 44 ಗಿಗಾಬೈಟುಗಳು ಬೇಕಾಗುವುವು. ಕಾಲೇಜಿನ ಪ್ರಯೋಗಶಾಲೆಯ ಯಂತ್ರ ಇಲ್ಲಿ ಕೈಚೆಲ್ಲುತ್ತದೆ.

ಮೂರನೆಯ ತೊಡಕು ನೆರೆಯವರ ಸ್ಫೋಟ. ಒಂದು ಗಂಟಿಗೆ 40 ನೆರೆಗಂಟುಗಳಿದ್ದರೆ, ಒಂದು ಸುತ್ತಿಗೆ 40 ಸಾಲುಗಳನ್ನು ತರಿಸಿದರಾಯಿತು. ಎರಡು ಸುತ್ತಿಗೆ 1,600; ಮೂರಕ್ಕೆ 64,000. ಒಂದೇ ಒಂದು ಬಸ್ ನಿಲ್ದಾಣದ ಪ್ರಶ್ನೆಗೆ ಉತ್ತರ ಹುಡುಕಹೋಗಿ ಇಡೀ ನಗರವನ್ನೇ ಎಬ್ಬಿಸಿದಂತಾಗುತ್ತದೆ.

ಮೂರು ಬಗೆಯ ಉಪಾಯ

ಈ ತೊಡಕುಗಳನ್ನು ಬಿಡಿಸುವುದಕ್ಕೆ ಬಂದ ಉಪಾಯಗಳು ಮುಖ್ಯವಾಗಿ ಮೂರು.

ಮೊದಲನೆಯದು ಮಾದರಿ ಆಯ್ಕೆ. ಎಲ್ಲ ನೆರೆಯವರನ್ನೂ ಕೇಳದೆ, ಕೆಲವರನ್ನು ಮಾತ್ರ ಚೀಟಿ ಎತ್ತಿ ಆರಿಸಿ ಕೇಳುವುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2017ರಲ್ಲಿ ಗ್ರಾಫ್‌ಸೇಜ್ ಎಂಬ ಹೆಸರಿನಿಂದ ಈ ಕ್ರಮವನ್ನು ಪ್ರಕಟಿಸಿದರು. ಒಂದು ಸುತ್ತಿಗೆ 25 ಮಂದಿ, ಇನ್ನೊಂದು ಸುತ್ತಿಗೆ 10 ಮಂದಿ. ಇಷ್ಟರಲ್ಲಿಯೇ ಅವರ ಪ್ರಯೋಗಗಳು ಒಳ್ಳೆಯ ಉತ್ತರವನ್ನು ಕೊಟ್ಟುವು. ಮರುವರ್ಷವೇ ಪಿಂಟರೆಸ್ಟ್ ಸಂಸ್ಥೆಯಲ್ಲಿ ಇದರ ಸುಧಾರಿಸಿದ ರೂಪವೊಂದನ್ನು 300 ಕೋಟಿ ಗಂಟುಗಳೂ 1,800 ಕೋಟಿ ಎಳೆಗಳೂ ಇದ್ದ ಜಾಲದ ಮೇಲೆ ನಡೆಸಿದರು. ಅಲ್ಲಿ ಚೀಟಿ ಎತ್ತುವುದನ್ನು ಬಿಟ್ಟು, ಗಂಟಿನಿಂದ ಹೊರಟು ಅತ್ತಿತ್ತ ಅಲೆದಾಗ ಹೆಚ್ಚು ಸಲ ಎದುರಾದ ನೆರೆಯವರನ್ನೇ ಆರಿಸಿಕೊಂಡರು.

ಎರಡನೆಯದು ಪಾಲು ಮಾಡುವುದು. ಜಾಲವನ್ನು ತುಂಡುತುಂಡಾಗಿ ಕತ್ತರಿಸಿ, ಒಂದು ಹೊತ್ತಿಗೆ ಒಂದೆರಡು ತುಂಡುಗಳನ್ನು ಮಾತ್ರ ಯಂತ್ರದೊಳಕ್ಕೆ ತರುವುದು. 2019ರಲ್ಲಿ ಪ್ರಕಟವಾದ ಕ್ಲಸ್ಟರ್-ಜಿಸಿಎನ್ ಎಂಬ ಕ್ರಮ ಈ ಬಗೆಯದು. 20 ಲಕ್ಷ ಗಂಟುಗಳೂ 6.1 ಕೋಟಿ ಎಳೆಗಳೂ ಇದ್ದ ಜಾಲವೊಂದರಲ್ಲಿ, ಮೂರು ಸುತ್ತಿನ ಲೆಕ್ಕಕ್ಕೆ ಅದುವರೆಗಿನ ಉತ್ತಮ ಕ್ರಮವೊಂದು 11.2 ಗಿಗಾಬೈಟ್ ನೆನಪನ್ನು ಬೇಡುತ್ತಿದ್ದರೆ, ಇದು 2.2 ಗಿಗಾಬೈಟಿನಲ್ಲಿ ಕೆಲಸವನ್ನು ಮುಗಿಸಿತು. ಎಳೆಗಳು ಆದಷ್ಟು ಕಡಿಮೆ ತುಂಡಾಗುವಂತೆ ಕತ್ತರಿಸುವುದೇ ಇಲ್ಲಿಯ ಜಾಣ್ಮೆ.

ಮೂರನೆಯದು ಮುಂಚಿತವಾಗಿ ಲೆಕ್ಕ ಮಾಡಿಡುವುದು. 2019ರಲ್ಲಿಯೇ ಕಾರ್ನೆಲ್ ವಿಶ್ವವಿದ್ಯಾನಿಲಯದವರು ಒಂದು ದಿಟ್ಟ ಪ್ರಶ್ನೆಯನ್ನು ಕೇಳಿದರು. ಸುತ್ತು ಸುತ್ತಿಗೂ ನಡುವೆ ಮಾಡುವ ಕ್ಲಿಷ್ಟವಾದ ಮಾರ್ಪಾಡುಗಳನ್ನೆಲ್ಲ ಬಿಟ್ಟು, ಬರಿಯ ಸರಾಸರಿಗಳನ್ನು ಒಮ್ಮೆ ಮಾಡಿಟ್ಟುಕೊಂಡು, ಕೊನೆಯಲ್ಲಿ ಮಾತ್ರ ಕಲಿಕೆ ನಡೆಸಿದರೆ ಏನು ಕೆಡುತ್ತದೆ? ಅವರು ಪರೀಕ್ಷಿಸಿದ ಹಲವು ಕೆಲಸಗಳಲ್ಲಿ ಹೆಚ್ಚೇನೂ ಕೆಡಲಿಲ್ಲ. ವೇಗವಂತೂ ಒಂದು ದೊಡ್ಡ ಜಾಲದಲ್ಲಿ ನೂರುಮಡಿಯವರೆಗೆ ಹೆಚ್ಚಿತು. ಸರಳತೆಗೆ ವಿಜ್ಞಾನದಲ್ಲಿರುವ ಮರ್ಯಾದೆ ಎಷ್ಟೆಂಬುದನ್ನು ತರುಣ ವಾಚಕರು ಇದರಿಂದ ಗ್ರಹಿಸಬೇಕು.

ಎಳೆ ಕಡಿಮೆ, ಬೆಲೆ ಹೆಚ್ಚು

ಈಗ ಈ ಮೂರು ಉಪಾಯಗಳನ್ನೂ ಚಂದಾಪುರಕ್ಕೆ ತರೋಣ. ಬಹುಪದರ ಜಾಲದ ಲಕ್ಷಣವೇನೆಂದರೆ, ಪದರದ ಒಳಗೆ ಎಳೆಗಳು ಹೇರಳ, ಪದರ ಪದರಗಳ ನಡುವೆ ವಿರಳ. ರಸ್ತೆಯ ಮೂಲೆಗಳು ಸಾವಿರಾರು ಇದ್ದರೂ ರಸ್ತೆಯಿಂದ ಮೆಟ್ರೋಗೆ ಹತ್ತುವ ಸ್ಥಳಗಳು ಬೆರಳೆಣಿಕೆಯವು. ಸುಮಾರು 19 ಕಿಲೋಮೀಟರು ಉದ್ದದ ಹಳದಿ ಮಾರ್ಗಕ್ಕೆ ಇರುವ ನಿಲ್ದಾಣಗಳು ಹದಿನಾರು. ಆದರೆ ಚಂದಾಪುರದಿಂದ ಕೆಲಸಕ್ಕೆ ಹೋಗುವವನ ದಿನವನ್ನು ನಿರ್ಣಯಿಸುವುವು ಈ ವಿರಳವಾದ ಎಳೆಗಳೇ. ಬೊಮ್ಮಸಂದ್ರದವರೆಗಿನ ಆ ಕೆಲವು ಕಿಲೋಮೀಟರುಗಳಿಗೆ ಬಸ್ಸು ಸಿಕ್ಕಿತೇ, ಸಿಕ್ಕಿದ್ದು ರೈಲಿನ ಹೊತ್ತಿಗೆ ಹೊಂದಿತೇ ಎಂಬುದರ ಮೇಲೆ ಅವನ ಹಾಜರಿ ನಿಂತಿದೆ.

ಮಾದರಿ ಆಯ್ಕೆಯಿಂದ ಇಲ್ಲಿ ಏನಾಗುತ್ತದೆಂದು ಎಣಿಸಿ ನೋಡಬಹುದು. ಗಂಟೊಂದಕ್ಕೆ 40 ನೆರೆಯವರು. ಅವರಲ್ಲಿ 39 ಮಂದಿ ಅದೇ ಪದರದವರು, ಒಬ್ಬ ಮಾತ್ರ ಮೆಟ್ರೋ ಪದರದವನು. ಚೀಟಿ ಎತ್ತಿ ಹತ್ತು ಮಂದಿಯನ್ನು ಆರಿಸಿದರೆ ಆ ಒಬ್ಬನು ಸಿಕ್ಕುವ ಸಂಭವ ನಾಲ್ಕರಲ್ಲಿ ಒಂದು. ಆರಿಸಿದ ಪ್ರತಿಯೊಬ್ಬನೂ ನಾಲ್ಕು ಮಂದಿಯ ಪ್ರತಿನಿಧಿಯೆಂದು ಲೆಕ್ಕ ಹಿಡಿಯುವುದರಿಂದ, ಸಿಕ್ಕಿದಾಗ ಅವನ ಮಾತಿಗೆ ನಾಲ್ಕರಷ್ಟು ತೂಕ ಬರುತ್ತದೆ, ಸಿಕ್ಕದಿದ್ದಾಗ ಸೊನ್ನೆ. ಮೂರು ಸಲ ಸೊನ್ನೆ, ಒಂದು ಸಲ ನಾಲ್ಕು, ಸರಾಸರಿ ಒಂದು. ಸರಾಸರಿಯಲ್ಲಿ ಲೆಕ್ಕ ಸರಿ, ಆದರೆ ಯಾವ ಒಂದು ಸಲವೂ ಸರಿಯಲ್ಲ! 39 ಮಂದಿಯ ವಿಷಯದಲ್ಲಿ ಈ ದೋಷ ಬಾಧಿಸುವುದಿಲ್ಲ. ಅವರೆಲ್ಲ ಹೆಚ್ಚು ಕಡಿಮೆ ಒಂದೇ ಸುದ್ದಿಯನ್ನು ಹೇಳುವವರು, ಒಬ್ಬನಿಲ್ಲದಿದ್ದರೆ ಇನ್ನೊಬ್ಬನಾದಾನು. ಬೇರೆ ಪದರದವನಿಗೆ ಬದಲಿ ಇಲ್ಲ.

ಪರಿಹಾರವೂ ಕಷ್ಟದ್ದಲ್ಲ. ಹತ್ತರಲ್ಲಿ ಒಂದು ಸ್ಥಾನವನ್ನು ಅಂತರಪದರದ ನೆರೆಯವನಿಗೆ ಮೀಸಲಿಟ್ಟು, ಉಳಿದ ಒಂಬತ್ತನ್ನು 39 ಮಂದಿಯಿಂದ ಚೀಟಿ ಎತ್ತಿ ತುಂಬಬೇಕು. ಆ ಒಬ್ಬನ ಮಾತಿಗೆ ಒಂದೇ ತೂಕ; ಉಳಿದ ಒಬ್ಬೊಬ್ಬರಿಗೂ 39ನ್ನು 9ರಿಂದ ಭಾಗಿಸಿದಷ್ಟು ತೂಕ. ಲೆಕ್ಕದ ಶ್ರಮ ಮೊದಲಿನಷ್ಟೇ. ಆದರೆ ಅಂತರಪದರದ ಸುದ್ದಿ ಪ್ರತಿಸಲವೂ ಬರುತ್ತದೆ, ತನ್ನ ಸರಿಯಾದ ತೂಕದಲ್ಲಿಯೇ ಬರುತ್ತದೆ.

ಪಾಲು ಮಾಡುವ ಉಪಾಯದಲ್ಲಿ ಅಡಗಿರುವ ಅಪಾಯ ಇನ್ನೂ ಸೂಕ್ಷ್ಮವಾದದ್ದು. ಕಡಿಮೆ ಎಳೆಗಳು ತುಂಡಾಗುವ ಕಡೆ ಕತ್ತರಿಸು ಎಂದು ಯಂತ್ರಕ್ಕೆ ಹೇಳಿದೆವಷ್ಟೆ. ಎಳೆಗಳು ಕಡಿಮೆಯಿರುವುದೆಲ್ಲಿ? ಪದರಗಳ ನಡುವೆಯೇ! ಆದುದರಿಂದ ಕತ್ತರಿಯು ತಾನಾಗಿಯೇ ಅಲ್ಲಿಗೆ ಹೋಗುವ ಸಂಭವ ಹೆಚ್ಚು. ಮೆಟ್ರೋ ಒಂದು ತುಂಡು, ರೈಲು ಒಂದು ತುಂಡು, ಕೆರೆಗಳು ಒಂದು ತುಂಡು ಎಂದಾದರೆ, ಯಂತ್ರದ ಕಾರ್ಯಕ್ಷಮತೆ ಉತ್ತಮವೆಂದು ವರದಿಯಾಗುತ್ತದೆ. ಬಹುಪದರ ಜಾಲ ಮಾತ್ರ ಉಳಿದಿರುವುದಿಲ್ಲ. ಕ್ಲಸ್ಟರ್-ಜಿಸಿಎನ್ ರೂಪಿಸಿದವರು ಪ್ರತಿಸಲವೂ ಬೇರೆ ಬೇರೆ ತುಂಡುಗಳನ್ನು ಜೊತೆಗೂಡಿಸಿ ತುಂಡಾದ ಎಳೆಗಳನ್ನು ಕೆಲಮಟ್ಟಿಗೆ ಮರಳಿ ಪಡೆಯುವ ದಾರಿಯನ್ನು ತೋರಿಸಿದ್ದಾರೆ. ಅದು ಒಳ್ಳೆಯದೇ, ಆದರೆ ಯಾವ ತುಂಡಿನೊಡನೆ ಯಾವುದು ಸೇರುವುದೆಂಬುದನ್ನು ಅಲ್ಲಿಯೂ ಚೀಟಿಗೇ ಬಿಟ್ಟಂತಾಯಿತು.

ನಮ್ಮ ರೈತ ಕುಟುಂಬಗಳು ಆಸ್ತಿ ಪಾಲು ಮಾಡುವ ಕ್ರಮ ಇದಕ್ಕಿಂತ ವಿವೇಕವುಳ್ಳದ್ದು. ತರಿಯನ್ನೆಲ್ಲ ಒಬ್ಬನಿಗೆ, ಖುಷ್ಕಿಯನ್ನೆಲ್ಲ ಇನ್ನೊಬ್ಬನಿಗೆ, ಬಾಗಾಯ್ತನ್ನೆಲ್ಲ ಮತ್ತೊಬ್ಬನಿಗೆ ಕೊಟ್ಟರೆ ಅಳತೆಯ ಕೆಲಸ ಸುಲಭ, ಬದುಕುವುದು ಕಷ್ಟ. ಆದ್ದರಿಂದ ಪ್ರತಿಯೊಬ್ಬನ ಪಾಲಿಗೂ ಮೂರರಲ್ಲಿಯೂ ಇಷ್ಟಿಷ್ಟು ಬರುವಂತೆ ನೋಡುತ್ತಾರೆ. ಬಹುಪದರ ಜಾಲವನ್ನೂ ಹಾಗೆಯೇ ಕತ್ತರಿಸಬೇಕು: ಪದರದಿಂದ ಪದರವನ್ನು ಸುಲಿಯದೆ, ಸ್ಥಳದಿಂದ ಸ್ಥಳಕ್ಕೆ ನೆಟ್ಟಗೆ ಕೊಯ್ಯಬೇಕು. ಚಂದಾಪುರದ ರಸ್ತೆ, ಬಸ್ಸು, ಹೀಲಲಿಗೆಯ ರೈಲು, ಬೊಮ್ಮಸಂದ್ರದ ಮೆಟ್ರೋ, ಊರಿನ ಕೆರೆ ಇವು ಒಂದೇ ತುಂಡಿನಲ್ಲಿರಬೇಕು. ಅದರಿಂದ ಹೆದ್ದಾರಿಯ ಕೆಲವು ಎಳೆಗಳು ತುಂಡಾದರೆ ಆಗಲಿ; ಅಂತಹ ಎಳೆಗಳು ಎಷ್ಟೋ ಇವೆ.

ಮೂರನೆಯ ಉಪಾಯಕ್ಕೂ ಇದೇ ವಿವೇಕ ಬೇಕು. ಸರಾಸರಿಗಳನ್ನು ಮುಂಚಿತವಾಗಿ ಮಾಡಿಡುವುದು ಸರಿ, ಆದರೆ ಕೆರೆಯ ನೀರಿನ ಮಟ್ಟವನ್ನೂ ಬಸ್ಸಿನ ವಿಳಂಬವನ್ನೂ ಕೂಡಿಸಿ ಭಾಗಿಸಿದರೆ ಬರುವ ಸಂಖ್ಯೆಗೆ ಯಾವ ಅರ್ಥವೂ ಇಲ್ಲ. ಪದರಕ್ಕೊಂದರಂತೆ ಬೇರೆ ಬೇರೆಯಾಗಿ ಸರಾಸರಿ ಮಾಡಿಟ್ಟು, ಬೆರೆಸುವ ಕೆಲಸವನ್ನು ಕಲಿಕೆಗೆ ಬಿಡಬೇಕು. ಇನ್ನೊಂದು ಎಚ್ಚರವೂ ಅಗತ್ಯ. ರಸ್ತೆಯ ಗಂಟುಗಳಿಗೆ ನೆರೆಯವರು ಮೂರು ನಾಲ್ಕೇ. ಆದರೆ ಊರಿನಿಂದ ಊರಿಗೆ ನೂರಾರು ಗಂಟುಗಳ ದೂರ. ಅಷ್ಟು ದೂರದ ಸುದ್ದಿ ಬರಲೆಂದು ಸುತ್ತುಗಳನ್ನು ಹೆಚ್ಚಿಸುತ್ತ ಹೋದರೆ ಎಲ್ಲ ಗಂಟುಗಳ ಸಾಲುಗಳೂ ಒಂದೇ ತರಹ ಆಗಿಬಿಡುತ್ತವೆ. ಹಲವು ಬಾಯಿ ದಾಟಿದ ಸುದ್ದಿ ಸಪ್ಪೆಯಾಗುವಂತೆ. ಸಣ್ಣ ಸಣ್ಣ ರಸ್ತೆಯ ತುಣುಕುಗಳನ್ನು ಕೂಡಿಸಿ ಒಂದು ದೊಡ್ಡ ಗಂಟೆಂದು ಎಣಿಸುವುದು ಇದಕ್ಕೆ ಉಪಾಯ. ಇಲ್ಲಿ ಧಾರಾಳವಾಗಿ ಉಳಿಸಬಹುದು; ಪದರಗಳು ಕೂಡುವ ಸ್ಥಳದಲ್ಲಿ ಮಾತ್ರ ಕೂಡಿಸದೆ ಬಿಡಬೇಕು.

ಬೆಂಗಳೂರಿನಲ್ಲಿಯೇ ಹುಟ್ಟಿದ ಉಪಾಯ

ಐದು ಪದರಗಳಿದ್ದರೆ ಎಳೆಗಳಲ್ಲಿ ಎಷ್ಟು ಜಾತಿಗಳಾದುವು? ಪದರದೊಳಗಿನವು ಐದು, ಒಂದು ಪದರದಿಂದ ಇನ್ನೊಂದಕ್ಕೆ ಹೋಗುವವು, ದಿಕ್ಕನ್ನು ಗಣಿಸಿದರೆ, ಇಪ್ಪತ್ತು. ಒಟ್ಟು 25. ಒಂದೊಂದು ಜಾತಿಗೂ ಪ್ರತ್ಯೇಕವಾದ ಗುಣಕಗಳ ಕೋಷ್ಟಕವನ್ನು ಕೊಡುವುದು 2017ರಲ್ಲಿ ಬಂದ ಆರ್-ಜಿಸಿಎನ್ ಎಂಬ ಕ್ರಮದ ಮೂಲ ಕಲ್ಪನೆ. ನೂರು ಸಂಖ್ಯೆಗಳ ಸಾಲಿಗೆ ಕೋಷ್ಟಕದಲ್ಲಿ 10,000 ಗುಣಕಗಳು. 25 ಜಾತಿಗಳಿಗೆ ಎರಡೂವರೆ ಲಕ್ಷ. ಅಪರೂಪದ ಜಾತಿಯ ಎಳೆಗಳಿಗೆ ಉದಾಹರಣೆಗಳೇ ಕಡಿಮೆ. ಅಷ್ಟೊಂದು ಗುಣಕಗಳನ್ನು ಅಷ್ಟು ಕಡಿಮೆ ಉದಾಹರಣೆಗಳಿಂದ ತಿದ್ದಲಾಗದು. ಈ ಕೊರತೆಯನ್ನು ಅವರೂ ಬಲ್ಲವರಾಗಿ, ಕೆಲವು ಮೂಲ ಕೋಷ್ಟಕಗಳನ್ನು ಎಲ್ಲ ಜಾತಿಗಳೂ ಹಂಚಿಕೊಳ್ಳುವ ದಾರಿಯನ್ನು ಸೂಚಿಸಿದ್ದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶಿಖರ್ ವಶಿಷ್ಠ, ಪಾರ್ಥ ತಾಲೂಕ್ದಾರ್ ಮತ್ತು ಅವರ ಸಂಗಡಿಗರು 2020ರಲ್ಲಿ ಪ್ರಕಟಿಸಿದ ಕಾಂಪ್‌ಜಿಸಿಎನ್ ಎಂಬ ಕ್ರಮ ಇನ್ನೊಂದು ದಾರಿಯನ್ನು ಹಿಡಿಯಿತು. ಪ್ರತಿ ಜಾತಿಯ ಎಳೆಗೂ ಒಂದು ಕೋಷ್ಟಕದ ಬದಲು, ಗಂಟಿಗೆ ಇರುವಂತೆಯೇ ಸಂಖ್ಯೆಗಳ ಒಂದು ಸಾಲನ್ನು ಮಾತ್ರ ಕೊಡುವುದು. ಸುದ್ದಿಯನ್ನು ಕಳುಹಿಸುವಾಗ ಗಂಟಿನ ಸಾಲನ್ನೂ ಎಳೆಯ ಸಾಲನ್ನೂ ಕಳೆದೋ ಗುಣಿಸಿಯೋ ಇನ್ನೊಂದು ವಿಧದಿಂದಲೋ ಸೇರಿಸುವುದು. ಒಳಬರುವ, ಹೊರಹೋಗುವ, ತನಗೆ ತಾನೇ ಹೇಳಿಕೊಳ್ಳುವ ಸುದ್ದಿಗಳಿಗೆ ಮೂರು ಕೋಷ್ಟಕಗಳು. ಎಳೆಗಳ ಸಾಲುಗಳನ್ನು ಮಾರ್ಪಡಿಸಲು ಒಂದು. ನಮ್ಮ ಉದಾಹರಣೆಯಲ್ಲಿ ಎಳೆಗಳಿಗೆ 2,500, ನಾಲ್ಕು ಕೋಷ್ಟಕಗಳಿಗೆ 40,000, ಒಟ್ಟು 42,500. ಮೊದಲಿನದರ ಸುಮಾರು ಆರನೆಯ ಒಂದು ಪಾಲು. ಅದಕ್ಕಿಂತ ಮುಖ್ಯವಾದುದೆಂದರೆ, ಇಲ್ಲಿ ಯಾವ ಎಳೆಯನ್ನೂ ಕೈಬಿಟ್ಟಿಲ್ಲ, ಯಾವ ಜಾತಿಯ ವ್ಯತ್ಯಾಸವನ್ನೂ ಅಳಿಸಿಲ್ಲ. ಅವರು ಇದನ್ನು ಪರೀಕ್ಷಿಸಿದ್ದು ಊರುಗಳ ಮೇಲಲ್ಲ, ಮುಖ್ಯವಾಗಿ ತಿಳಿವಳಿಕೆಯ ಸಂಬಂಧಗಳನ್ನು ಸಂಗ್ರಹಿಸಿದ ಜಾಲಗಳ ಮೇಲೆ. ಆದರೂ ಈ ಬಗೆಯ ಮಿತವ್ಯಯವೇ ಬಹುಪದರ ಜಾಲಕ್ಕೆ ತಕ್ಕದ್ದೆಂದು ನನ್ನ ಅಭಿಪ್ರಾಯ: ಹಂಚಿಕೊಳ್ಳಬಹುದಾದುದನ್ನು ಹಂಚಿಕೊಂಡು, ಭೇದವಿರುವ ಕಡೆ ಭೇದವನ್ನು ಉಳಿಸಿಕೊಳ್ಳುವುದು.

ಕೆಲವು ಆಕ್ಷೇಪಣೆಗಳು

ಯಂತ್ರಗಳು ವರ್ಷವರ್ಷವೂ ಬಲವಾಗುತ್ತಿರುವಾಗ ಈ ಮಿತವ್ಯಯದ ಚಿಂತೆ ಏಕೆಂದು ಕೆಲವರು ಕೇಳಬಹುದು. ಯಂತ್ರಗಳು ಬಲವಾಗುತ್ತಿವೆ, ನಿಜ. ಅವು ಯಾರ ಕೈಯಲ್ಲಿವೆ ಎಂಬುದೇ ಪ್ರಶ್ನೆ. 300 ಕೋಟಿ ಗಂಟುಗಳ ಲೆಕ್ಕವನ್ನು ನಡೆಸಬಲ್ಲ ಸಂಸ್ಥೆಗಳು ಪ್ರಪಂಚದಲ್ಲಿ ಕೆಲವೇ. ಅವುಗಳಿಗೆ ಚಂದಾಪುರದ ಬಸ್ಸು ಮೆಟ್ರೋವನ್ನು ಕೂಡುತ್ತದೆಯೇ ಇಲ್ಲವೇ ಎಂಬುದು ದೊಡ್ಡ ವಿಷಯವಲ್ಲ. ಆ ಊರಿನ ಆಡಳಿತಕ್ಕೂ ಸಮೀಪದ ಕಾಲೇಜಿಗೂ ಅದೇ ದೊಡ್ಡ ವಿಷಯ. ಸಾಧಾರಣ ಯಂತ್ರದಲ್ಲಿ ನಡೆಯುವ ಲೆಕ್ಕ ಮಾತ್ರ ಇವರ ಕೈಗೆ ಎಟುಕತಕ್ಕದ್ದು. ಆದಕಾರಣ ಮಿತವ್ಯಯವೆಂಬುದು ಇಲ್ಲಿ ಕೇವಲ ಜಾಣತನವಲ್ಲ. ತನ್ನ ಊರಿನ ವಿಷಯವನ್ನು ತಾನೇ ಲೆಕ್ಕ ಹಾಕಿ ನೋಡುವ ಹಕ್ಕು.

ಚಂದಾಪುರದ ಕಷ್ಟಗಳು ಅಲ್ಲಿನ ಎಲ್ಲರಿಗೂ ಗೊತ್ತು. ಅದಕ್ಕೆ ನರಜಾಲ ಏಕೆಂಬುದು ಇನ್ನೊಂದು ಆಕ್ಷೇಪಣೆ. ಇದು ಹೆಚ್ಚು ಬಲವಾದುದು. ಕೂಡುರಸ್ತೆಯಲ್ಲಿ ವಾಹನಗಳು ನಿಲ್ಲುತ್ತವೆಂದು ಹೇಳುವುದಕ್ಕೆ ಯಾವ ಗಣಕಯಂತ್ರವೂ ಬೇಕಾಗಿಲ್ಲ. ಆದರೆ ಒಂದು ಪದರದಲ್ಲಿ ಮಾಡಿದ ಬದಲಾವಣೆ ಇನ್ನೊಂದು ಪದರದಲ್ಲಿ ಎಲ್ಲಿ ಹೋಗಿ ತಲೆಯೆತ್ತುತ್ತದೆಂಬುದು ಕಣ್ಣಿಗೆ ಕಾಣುವಂತಹುದಲ್ಲ. ಚಂದಾಪುರದ ಕೆರೆಯೇ ಇದಕ್ಕೆ ಸಾಕ್ಷಿ. ಅದಕ್ಕೆ ಆದ ಹಾನಿಯನ್ನು ತಡೆಯಲಿಲ್ಲವೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2022ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿಗಳ ಪರಿಸರ ಪರಿಹಾರವನ್ನು ವಿಧಿಸಿತು. ಕೆರೆ ಕೆಡುವುದು ನೀರಿನ ಪದರದೊಳಗಿನ ಕಾರಣದಿಂದ ಮಾತ್ರವಲ್ಲ. ಮನೆಗಳು, ಕಾರ್ಖಾನೆಗಳು, ರಸ್ತೆಗಳು ಎಂಬ ಬೇರೆ ಪದರಗಳಿಂದ ಚರಂಡಿಯೆಂಬ ಕೆಲವೇ ಎಳೆಗಳ ಮೂಲಕ ಬಂದದ್ದರಿಂದ. ಮೇಲಿನ ಕೆರೆಯ ಕೊಳೆ ಕೋಡಿಯ ಮೂಲಕ ಮುತ್ತಾನಲ್ಲೂರಿನ ಕಡೆಗೆ ಹೋಗುವುದೂ ಎಳೆಗಳ ಮಾತೇ. ಈ ಎಳೆಗಳನ್ನು ಚೀಟಿಯ ಅದೃಷ್ಟಕ್ಕೆ ಬಿಟ್ಟ ಲೆಕ್ಕವು ಎಷ್ಟು ವೇಗವಾಗಿ ಮುಗಿದರೇನು?

ಒಟ್ಟಿನ ತಪ್ಪು ನೂರಕ್ಕೆ ಎರಡೋ ಮೂರೋ ಇದ್ದರೆ ಸಾಕಲ್ಲವೇ ಎಂಬುದು ಮತ್ತೊಂದು ಮಾತು. ಸಾಲದು. ಸಾವಿರ ಗಂಟುಗಳಲ್ಲಿ ಪದರಗಳು ಕೂಡುವ ಇಪ್ಪತ್ತು ಗಂಟುಗಳ ಉತ್ತರವೆಲ್ಲವೂ ತಪ್ಪಾದರೂ ಒಟ್ಟು ತಪ್ಪು ನೂರಕ್ಕೆ ಎರಡೇ! ಆದ್ದರಿಂದ ಬಹುಪದರ ಜಾಲದ ಮೇಲೆ ಯಾವ ಹೊಸ ಕ್ರಮವನ್ನು ಪ್ರಕಟಿಸುವವರೂ ಪದರಗಳು ಕೂಡುವ ಗಂಟುಗಳಲ್ಲಿನ ತಪ್ಪನ್ನು ಪ್ರತ್ಯೇಕವಾಗಿ ಬರೆದು ತೋರಿಸಬೇಕು. ಕಾಲ, ನೆನಪು, ಒಟ್ಟು ತಪ್ಪು ಎಂಬ ಮೂರು ಕಾಲಮುಗಳ ಪಕ್ಕದಲ್ಲಿ ಈ ನಾಲ್ಕನೆಯದನ್ನು ಸೇರಿಸುವುದಕ್ಕೆ ವೆಚ್ಚವೇನೂ ಇಲ್ಲ.

ತರುಣರು ಮಾಡಬಹುದಾದ ಕೆಲಸ

ಈ ಶಾಸ್ತ್ರದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ದೊಡ್ಡ ಯಂತ್ರಕ್ಕಾಗಿ ಕಾಯಬೇಕಾಗಿಲ್ಲ. ತಮ್ಮ ಊರಿನ ಐವತ್ತು ಗಂಟುಗಳನ್ನು ಕಾಗದದ ಮೇಲೆ ಬರೆದು, ಪದರಕ್ಕೊಂದು ಬಣ್ಣದಂತೆ ಎಳೆಗಳನ್ನು ಎಳೆದು ನೋಡಲಿ. ಎಲ್ಲಿ ಬಣ್ಣಗಳು ಕೂಡುತ್ತವೆ, ಎಲ್ಲಿ ಕೂಡಿದಂತೆ ತೋರಿದರೂ ಕೂಡುವುದಿಲ್ಲ ಎಂಬುದನ್ನು ನಡೆದುಹೋಗಿ ಪರೀಕ್ಷಿಸಲಿ. 2010ರ ಜನವರಿಯಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿಯ ಮೇಲುರಸ್ತೆಯೂ ಅದರ ಕೆಳಗಿನ ಹಳೆಯ ರಸ್ತೆಯೂ ಭೂಪಟದಲ್ಲಿ ಒಂದೇ ಗೆರೆ. ಆದರೆ ಒಂದರಿಂದ ಇನ್ನೊಂದಕ್ಕೆ ಇಳಿಯಲು ಕೆಲವೇ ದಾರಿಗಳು. ಸಮೀಪವಿರುವುದೇ ಬೇರೆ, ಸಂಬಂಧವಿರುವುದೇ ಬೇರೆ. ಹಾಗೆಯೇ ಎಳೆಗಳು ಕಾಲಕ್ಕೆ ತಕ್ಕಂತೆ ಬದಲಾಗುವುದನ್ನೂ ಗಮನಿಸಬೇಕು. ಹಳದಿ ಮಾರ್ಗದಲ್ಲಿ ಆರಂಭದಲ್ಲಿ ಓಡಿದ್ದು ಮೂರೇ ರೈಲುಗಳು, ಸುಮಾರು 25 ನಿಮಿಷಕ್ಕೊಂದು. ರೈಲುಗಳು ಹೆಚ್ಚಿದಂತೆ ಅದೇ ಎಳೆಯ ಬೆಲೆ ಬೇರೆಯಾಗುತ್ತದೆ. 2025ರ ಆಗಸ್ಟಿಗಿಂತ ಮುಂಚಿನ ಸಂಗತಿಗಳಿಂದ ಮಾತ್ರ ಕಲಿತ ನರಜಾಲಕ್ಕೆ ಆ ಪದರವಿದೆಯೆಂಬುದೇ ತಿಳಿಯದು.

ಇಂತಹ ಪಟವೊಂದನ್ನು ಮಾಡಿದವರಿಗೆ ಯಾವ ಎಳೆಯನ್ನು ಬಿಟ್ಟರೆ ನಷ್ಟವಿಲ್ಲ, ಯಾವುದನ್ನು ಬಿಟ್ಟರೆ ಊರೇ ಬೇರೆಯಾಗುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಆ ತಿಳಿವಳಿಕೆಯನ್ನು ಯಂತ್ರಕ್ಕೆ ಹೇಳಿಕೊಡುವ ಸೂತ್ರಗಳನ್ನು ಕಂಡುಹಿಡಿಯುವುದೇ ಈ ಶಾಸ್ತ್ರದ ಮುಂದಿರುವ ಕೆಲಸ. ಒಂದೇ ಬಗೆಯವು ನೂರಾರು ಇರುವ ಕಡೆ ಧಾರಾಳವಾಗಿ ಉಳಿಸೋಣ. ಒಂದೇ ಒಂದು ಇರುವ ಕಡೆ, ಅದಕ್ಕೆ ತಗಲುವ ವೆಚ್ಚವನ್ನು ಸಂತೋಷದಿಂದ ಮಾಡೋಣ.